ದೊಡ್ಡ ಮೀನುತೊಟ್ಟಿಯ ಶೋಧಕದಲ್ಲಿ ಏನನ್ನು ತುಂಬಬೇಕು?

ಸಿಡ್ನಿ ನಗರದ ವಾಯವ್ಯದ ಅಂಚಿನಲ್ಲಿ, ಹಿಂದೆ ಹುಲ್ಲುಗಾವಲಾಗಿದ್ದ ನೆಲದ ಮೇಲೆ ಹೊಸದಾಗಿ ಎದ್ದುನಿಂತ ಮಾರ್ಸ್ಡನ್ ಪಾರ್ಕಿನಲ್ಲಿ ಮನೆ ಕಟ್ಟಿಕೊಂಡ ಕನ್ನಡಿಗನೊಬ್ಬನು ತನ್ನ ಹಜಾರದಲ್ಲಿ ಆರಡಿ ಉದ್ದದ, ಎರಡೆರಡಡಿ ಅಗಲ ಎತ್ತರಗಳ ಗಾಜಿನ ತೊಟ್ಟಿಯೊಂದನ್ನು ಇರಿಸಿದನೆಂದರೆ, ಸುಮಾರು 680 ಲೀಟರು ಸಿಹಿನೀರಿನ ಯೋಗಕ್ಷೇಮವನ್ನು ತಲೆಯ ಮೇಲೆ ಹೊತ್ತುಕೊಂಡಂತಾಯಿತು. ಮೀನುಗಳನ್ನು ಆರಿಸುವಾಗ ತೋರುವ ಉತ್ಸಾಹದಲ್ಲಿ ಅರ್ಧವನ್ನಾದರೂ, ಅಂಗಡಿಯವರು ಫಿಲ್ಟರ್ ಮೀಡಿಯಾ ಎನ್ನುವ ಶೋಧನದ್ರವ್ಯದ ಕಡೆಗೆ ಆತನು ಹರಿಸುವುದು ಲೇಸು.

ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯವನ್ನು ಹೊರಗೆಡಹುತ್ತದೆ. ತಿಳಿಯಾಗಿ ಕಾಣುವ ನೀರಿನಲ್ಲಿಯೂ ಈ ವಿಷವು ಅಡಗಿರಬಲ್ಲುದಾದ್ದರಿಂದ, ಕೊಳೆಯನ್ನು ಸೋಸಿದಷ್ಟರಿಂದಲೇ ಶೋಧಕದ ಕಾರ್ಯವು ಮುಗಿಯದು. ಅಮೋನಿಯವನ್ನು ನೈಟ್ರೈಟಾಗಿಯೂ, ಅದನ್ನು ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟಾಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಗಳನ್ನು ರಷ್ಯದ ಸೂಕ್ಷ್ಮಜೀವಿವಿಜ್ಞಾನಿ ವಿನೋಗ್ರಾಡ್‌ಸ್ಕಿಯು 1890ರ ಸುಮಾರಿಗೆ ಪ್ರತ್ಯೇಕಿಸಿ ತೋರಿಸಿದನು. ಈ ಎರಡು ಕಾರ್ಯಗಳನ್ನೂ ಒಂದೇ ಜೀವಿ ಮಾಡಬಲ್ಲುದೆಂಬುದು ಗೊತ್ತಾದುದು 2015ರಲ್ಲಿ. ಆಗ ಸಿಕ್ಕ ನೈಟ್ರೋಸ್ಪೈರ ಜಾತಿಗಳಲ್ಲಿ ಕೆಲವು ದೊರೆತುದು ಮೀನುಸಾಕಣೆಯ ಶೋಧಕವೊಂದರಲ್ಲಿ ಎಂಬುದು ನಮ್ಮ ಪ್ರಕೃತಕ್ಕೆ ಸೊಗಸಾಗಿ ಒಪ್ಪುತ್ತದೆ.

ಈ ಜೀವಿಗಳು ಮೇಲ್ಮೈಗಳಿಗೆ ಅಂಟಿಕೊಂಡು ಬಾಳತಕ್ಕವು. ಆದ್ದರಿಂದಲೇ ವ್ಯಾಪಾರಿಗಳು ಪಿಂಗಾಣಿ ಬಳೆಗಳ, ರಂಧ್ರಮಯವಾದ ಗಾಜಿನ ಉಂಡೆಗಳ ಮೇಲ್ಮೈಯನ್ನು ದೊಡ್ಡ ಅಂಕೆಗಳಲ್ಲಿ ಕೊಂಡಾಡುವುದು. ನನಗಂತೂ ಆ ಅಂಕೆಗಳ ಮೇಲೆ ಹೆಚ್ಚಿನ ಗೌರವವಿಲ್ಲ. ಒಂದು ಗ್ರಾಂ ಅಮೋನಿಯ-ನೈಟ್ರೋಜನ್ನನ್ನು ನೈಟ್ರೇಟಾಗಿಸಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕವು ಬೇಕು. ಅತಿಸೂಕ್ಷ್ಮ ರಂಧ್ರದ ಬಾಯಿಯನ್ನು ಲೋಳೆಯೂ ಕೆಸರೂ ಮುಚ್ಚಿದ ಮೇಲೆ, ನೀರು ಹರಿಯದ ಆ ಒಳಗೋಡೆಗಳು ಎಷ್ಟು ವಿಶಾಲವಾಗಿದ್ದರೇನು? ಒರಟು ಸ್ಪಂಜು ಅಗ್ಗವಾದುದು, ಹಿಂಡಿ ತೊಳೆಯಲು ಸುಲಭವಾದುದು, ನೀರಿಗೆ ದಾರಿಬಿಡುವಂಥದು. ದೊಡ್ಡ ತೊಟ್ಟಿಗೆ ಅದೇ ಮೊದಲ ಆಯ್ಕೆ. ತೊಟ್ಟಿಯ ಕೆಳಗೆ ಶೋಧನೆಗೆಂದೇ ಪ್ರತ್ಯೇಕ ತೊಟ್ಟಿಯಿದ್ದರೆ, ನಾರ್ವೆಯಲ್ಲಿ ಚರಂಡಿನೀರಿನ ಶುದ್ಧೀಕರಣಕ್ಕೆಂದು ರೂಪಿಸಿದ ಕೆ1 ಎಂಬ ಪ್ಲಾಸ್ಟಿಕ್ ತುಣುಕುಗಳನ್ನು ಗಾಳಿಯೂದಿ ಕುಣಿಸಬಹುದು. ಅವು ಒಂದನ್ನೊಂದು ಉಜ್ಜಿ ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ. ಸಣ್ಣನೆಯ ಹತ್ತಿಪದರವು ಕೊನೆಯಲ್ಲಿರಲಿ. ಇದ್ದಲನ್ನು ಬಣ್ಣ, ಔಷಧದ ಶೇಷಗಳನ್ನು ತೆಗೆಯಬೇಕಾದಾಗ ಮಾತ್ರ ಹಾಕಿದರೆ ಸಾಕು.

ಸ್ಥಳದ ನೀರನ್ನೂ ಗಮನಿಸಬೇಕು. ಸಿಡ್ನಿಯ ಹಲವೆಡೆ ನಲ್ಲಿನೀರಿನಲ್ಲಿ ಕ್ಲೋರಮೈನ್ ಇರುತ್ತದೆ. ನೀರನ್ನು ರಾತ್ರಿಯೆಲ್ಲ ತೆರೆದಿಟ್ಟರೂ ಅದು ಕ್ಲೋರಿನ್ನಿನಂತೆ ಹಾರಿಹೋಗದು. ಕ್ಲೋರಿನ್ ನಿವಾರಕವಾದ ಥಯೋಸಲ್ಫೇಟಿನಿಂದ ಅದನ್ನು ಮುರಿದರೆ ಹಿಂದುಳಿಯುವುದು ಅಮೋನಿಯ, ಅಂದರೆ ಶೋಧಕಕ್ಕೆ ಮತ್ತೊಂದು ಹೊರೆ. ಮೆಲ್ಬರ್ನಿನ ಮೃದುಜಲದ ಕ್ಷಾರೀಯತೆಯನ್ನು ಶೋಧಕದ ಬ್ಯಾಕ್ಟೀರಿಯಗಳೇ ತಿಂದುಹಾಕುವುದರಿಂದ, ಅಲ್ಲಿನವರು ಅದನ್ನು ತುಂಬಿಕೊಡಲು ಚೀಲವೊಂದರಲ್ಲಿ ಪುಡಿಹವಳವನ್ನು ಇಡುವುದು ವಿಹಿತ. ಮಾರ್ಸ್ಡನ್ ಪಾರ್ಕಿನ ನೆರೆಯ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು ತಾಪವು 48.9 ಡಿಗ್ರಿಗೇರಿತ್ತು. ಬಿಸಿಯೇರಿದಂತೆ ನೀರಿನಲ್ಲಿ ಆಮ್ಲಜನಕವು ಕಡಿಮೆಯಾಗುತ್ತದೆ: 25 ಡಿಗ್ರಿಯಲ್ಲಿ ಅದು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 30ರಲ್ಲಿ ಸುಮಾರು 7.6 ಮಾತ್ರ. ಅಂಥ ದಿನ ಬಹುಹೊತ್ತು ವಿದ್ಯುತ್ತು ಹೋದರೆ, ಮುಚ್ಚಿದ ಶೋಧಕದೊಳಗೆ ಆಮ್ಲಜನಕವಿಲ್ಲದೆ ಕೆಟ್ಟು ನಿಂತ ನೀರನ್ನು ಚೆಲ್ಲಿದ ಬಳಿಕವೇ ಯಂತ್ರವನ್ನು ನಡೆಸತಕ್ಕುದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿರಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಎಲ್ಲವನ್ನೂ ಒಂದೇ ದಿನ ತೊಳೆಯಲೂ ಬೇಡಿ.