ಕೋಳಿ ಫಾರಂಗಳಲ್ಲಿ ಔಷಧಕ್ಕೆ ಬಗ್ಗದ ಸಾಲ್ಮೊನೆಲ್ಲಾ

ಎಮ್ಮಿಗನೂರು: ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಪ್ರತಿದಿನ ಪ್ರಕಟಿಸುವ ದರಪಟ್ಟಿಯಲ್ಲಿ ಬೆಂಗಳೂರು, ಮೈಸೂರುಗಳ ಜೊತೆಗೆ ಹೊಸಪೇಟೆಗೂ ಪ್ರತ್ಯೇಕ ಸ್ಥಾನವಿದೆ. ಭತ್ತ, ಕಬ್ಬಿನ ಈ ಸೀಮೆಯಲ್ಲಿ ಕೋಳಿ ಸಾಕಣೆ ಎಷ್ಟು ಬೇರೂರಿದೆ ಎಂಬುದಕ್ಕೆ ಇದೇ ಸಾಕ್ಷಿ. ಫಾರಂಗಳನ್ನು ಕಾಡುವ ಸಾಲ್ಮೊನೆಲ್ಲಾ ರೋಗಾಣುವಿನ ಬಗ್ಗೆ ಇಲ್ಲಿನವರು ತಿಳಿದಿರಬೇಕಾದದ್ದೂ ಆದ್ದರಿಂದಲೇ.

ಸಾಲ್ಮೊನೆಲ್ಲಾದಲ್ಲಿ 2,500ಕ್ಕೂ ಹೆಚ್ಚು ಬಗೆಗಳಿವೆ. ಗ್ಯಾಲಿನಾರಂ ಎಂಬುದು ಕೋಳಿಗಳಿಗೆ ಟೈಫಾಯ್ಡ್ ತಂದರೆ, ಪುಲ್ಲೋರಂ ಮರಿಗಳಲ್ಲಿ ಬಿಳಿ ಭೇದಿ ಉಂಟುಮಾಡುತ್ತದೆ. ಇವೆರಡೂ ಸಾಮಾನ್ಯವಾಗಿ ಮನುಷ್ಯರನ್ನು ಬಾಧಿಸವು. ಮನುಷ್ಯರ ಟೈಫಾಯ್ಡ್ ಕೋಳಿಯಿಂದ ಬರುತ್ತದೆಂಬ ನಂಬಿಕೆಯೂ ತಪ್ಪು. ನಿಜವಾದ ಅಪಾಯವಿರುವುದು ಎಂಟೆರಿಟಿಡಿಸ್ ಮತ್ತು ಟೈಫಿಮ್ಯೂರಿಯಂ ಬಗೆಗಳಿಂದ. ಆರೋಗ್ಯವಾಗಿಯೇ ಕಾಣುವ ಕೋಳಿಯ ಕರುಳಿನಲ್ಲಿ ನೆಲೆಸಿ, ಮಾಂಸ ಮತ್ತು ಮೊಟ್ಟೆಯ ಮೂಲಕ ಇವು ಅಡುಗೆಮನೆ ಸೇರುತ್ತವೆ. ಹಸುಳೆಗಳಲ್ಲಿ, ವೃದ್ಧರಲ್ಲಿ ಸೋಂಕು ಕರುಳನ್ನು ದಾಟಿ ರಕ್ತಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಈ ಜೀವಿಯ ಉಗ್ರತೆಯ ಗುಟ್ಟು ವಿಚಿತ್ರವಾದುದು. ಸೂಜಿಯಂಥ ಸೂಕ್ಷ್ಮ ನಳಿಕೆಯಿಂದ ಕರುಳಿನ ಜೀವಕೋಶದೊಳಗೆ ಪ್ರೋಟೀನುಗಳನ್ನು ಚುಚ್ಚಿ, ಕೋಶವೇ ತನ್ನನ್ನು ಒಳಗೆ ಸೆಳೆದುಕೊಳ್ಳುವಂತೆ ಅದು ಮಾಡುತ್ತದೆ. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ರಕ್ಷಕ ಕಣಗಳ ಒಳಗೇ ಅವಿತು ವೃದ್ಧಿಯಾಗುತ್ತದೆ.

ಇಂತಹ ಶತ್ರುವಿಗೆ ಔಷಧ ನಿರೋಧಕ ಶಕ್ತಿಯೂ ಸೇರಿದರೆ? ರೋಗವಿರಲಿ, ಇಲ್ಲದಿರಲಿ, ಮೇವು ನೀರಿನಲ್ಲಿ ಅಲ್ಪ ಪ್ರಮಾಣದ ಆಂಟಿಬಯೋಟಿಕ್ ಬೆರೆಸುತ್ತಲೇ ಇದ್ದಾಗ ದುರ್ಬಲ ರೋಗಾಣುಗಳು ಸತ್ತು, ಔಷಧವನ್ನು ತಾಳಿಕೊಳ್ಳಬಲ್ಲವು ಮಾತ್ರ ಉಳಿದು ಹೆಚ್ಚುತ್ತವೆ. ನಿರೋಧಕ ಗುಣದ ವಂಶವಾಹಿಗಳು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟುತ್ತವೆ. ಬೇರೆ ಔಷಧಗಳು ವಿಫಲವಾದಾಗ ವೈದ್ಯರು ಮೊರೆಹೋಗುವ ಕೊಲಿಸ್ಟಿನ್‌ಗೆ ನಿರೋಧ ಒಡ್ಡುವ ಇಂಥದೊಂದು ವಂಶವಾಹಿ ಚೀನಾದಲ್ಲಿ ಪತ್ತೆಯಾದ ಸುದ್ದಿ 2015ರಲ್ಲಿ ಹೊರಬಿತ್ತು. ಕೋಳಿ ಸಾಕಣೆ ಹಾಗೂ ಪಶು ಆಹಾರದಲ್ಲಿ ಕೊಲಿಸ್ಟಿನ್ ಬಳಕೆಯನ್ನು ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ನಿಷೇಧಿಸಿತು. ಐರೋಪ್ಯ ಒಕ್ಕೂಟವು ಬೆಳವಣಿಗೆಗಾಗಿ ಮೇವಿಗೆ ಆಂಟಿಬಯೋಟಿಕ್ ಬೆರೆಸುವುದನ್ನು 2006ರಲ್ಲೇ ನಿಲ್ಲಿಸಿತ್ತು. ನಮ್ಮ ಎಚ್ಚರ ತಡವಾಯಿತೆಂದೇ ಹೇಳಬೇಕು.

ಮೊಲ ಸಾಕುವವರಿಗೂ ಈ ಮಾತು ಅನ್ವಯಿಸುತ್ತದೆ. ಸಾಲ್ಮೊನೆಲ್ಲಾ ತಗುಲಿದ ಮೊಲಗಳಲ್ಲಿ ಭೇದಿ, ಗರ್ಭಪಾತ ಕಾಣಿಸುತ್ತವೆ. ಕೋಳಿಗೆ ತಂದ ಔಷಧವನ್ನೇ ಮೊಲಕ್ಕೂ ಕುಡಿಸುವುದು ಇನ್ನೂ ಅಪಾಯಕರ: ಆಂಪಿಸಿಲಿನ್, ಲಿಂಕೊಮೈಸಿನ್‌ಗಳು ಬಾಯಿಯ ಮೂಲಕ ಹೋದರೆ ಕರುಳಿನ ಉಪಕಾರಿ ಜೀವಿಗಳು ನಾಶವಾಗಿ ಮೊಲವೇ ಸಾಯಬಹುದು.

ಹಕ್ಕಿಗಳು ಸಾಯತೊಡಗಿದರೆ ಅಂಗಡಿಯವರ ಸಲಹೆಯಂತೆ ಪುಡಿ ತಂದು ಹಾಕುವ ಬದಲು, ಆಗತಾನೆ ಸತ್ತ ಕೋಳಿಯನ್ನು ಪಶು ಆಸ್ಪತ್ರೆಗೆ ಒಯ್ದು, ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆಂದು ಪರೀಕ್ಷೆ ಮಾಡಿಸಬೇಕು. ಔಷಧ ನಿಲ್ಲಿಸಿದ ಬಳಿಕ ವೈದ್ಯರು ಸೂಚಿಸಿದಷ್ಟು ದಿನ ಮಾಂಸ, ಮೊಟ್ಟೆ ಮಾರಕೂಡದು. ಫಾರಂ ಗೊಬ್ಬರವನ್ನು ಹಸಿಯಾಗಿ ಗದ್ದೆಗೆ ಚೆಲ್ಲದೆ ಚೆನ್ನಾಗಿ ಕೊಳೆಸಬೇಕು. ಇನ್ನು ಮನೆಯಲ್ಲಿ, ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ರೋಗಾಣು ಸುತ್ತಲೂ ಸಿಡಿಯುತ್ತದೆ. ಒಳಭಾಗದವರೆಗೆ 74 ಡಿಗ್ರಿ ಸೆಲ್ಸಿಯಸ್ ಶಾಖ ತಗಲುವಂತೆ ಬೇಯಿಸಿದರೆ, ಔಷಧ ನಿರೋಧಕ ಸಾಲ್ಮೊನೆಲ್ಲಾ ಕೂಡ ಉಳಿಯದು.