ವಿನೆಗರ್‌ಗೂ ಬಗ್ಗದ ಹಲ್ಲಿನ ಪಾಚಿ

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಲೀವೆನ್‌ಹುಕ್ ದಿನಾ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದ. ಆದರೂ ಸಂದಿಗಳಲ್ಲಿ ಬಿಳಿ ಪಾಚಿ ಉಳಿಯುತ್ತಿತ್ತು. ಅದನ್ನು ಕೆರೆದು, ಮಳೆನೀರಿನಲ್ಲಿ ಕದಡಿ ತನ್ನ ಮಸೂರದಡಿ ಇಟ್ಟರೆ ಪುಟ್ಟ ಜೀವಿಗಳು ಗಿಜಿಗುಡುತ್ತಿದ್ದವು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಇದನ್ನು ಹೇಳಿದ್ದಾನೆ. ಎಲ್ಲರೂ ನೆನೆಯುವುದು ಇಷ್ಟನ್ನೇ. ಅದಕ್ಕಿಂತ ಸೊಗಸಾದದ್ದು ಆತನ ವಿನೆಗರ್ ಪರೀಕ್ಷೆ. ಕದಡಿದ ನೀರಿಗೆ ವಿನೆಗರ್ ಬಿಟ್ಟರೆ ಜೀವಿಗಳು ಸತ್ತವು; ಅದೇ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದರೆ ಪಾಚಿಯೊಳಗಿನವು ಬದುಕಿಯೇ ಇದ್ದವು. ಹೊರಪದರದವಷ್ಟೇ ಸಾಯುತ್ತವೆ, ಒಳಕ್ಕೆ ವಿನೆಗರ್ ಇಳಿಯುವುದಿಲ್ಲ ಎಂದು ಆತ ತರ್ಕಿಸಿದ.

ಇಂಥ ಪಾಚಿಗೆ ಬಯೋಫಿಲ್ಮ್ ಎಂಬ ಹೆಸರು ಹುಟ್ಟಲು ಇನ್ನೂ ಮೂರು ಶತಮಾನ ಬೇಕಿತ್ತು, ಆದರೆ ಅದರ ಗುಟ್ಟು ಆಗಲೇ ಬಯಲಾಗಿತ್ತು. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿಗೆ ತೆಳ್ಳಗೆ ಲೇಪವಾಗುತ್ತವೆ. ಅದಕ್ಕೆ ಮೊದಲು ಅಂಟಿಕೊಳ್ಳುವವುಗಳಲ್ಲಿ ಸ್ಟ್ರೆಪ್ಟೊಕಾಕಸ್‌ಗಳೇ ಹೆಚ್ಚು. ಬಳಿಕ ಬಂದವು ಅವುಗಳ ಮೇಲೆ ಕೂರುತ್ತವೆ, ಎಲ್ಲವೂ ಸೇರಿ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ಇಷ್ಟನ್ನೂ ಮೌತ್‌ವಾಶ್ ಒಂದೇ ತೊಳೆದುಬಿಡುತ್ತದೆಂದು ನಂಬಲು ಜಾಹೀರಾತು ನೋಡುವವರಿಗಷ್ಟೇ ಸಾಧ್ಯ.

ಅಮೆರಿಕದ ವುಡ್ಸ್ ಹೋಲ್‌ನ ಸಾಗರ ಜೀವವಿಜ್ಞಾನ ಪ್ರಯೋಗಾಲಯದ ಜೆಸಿಕಾ ಮಾರ್ಕ್ ವೆಲ್ಚ್ ಮತ್ತು ಸಂಗಡಿಗರು ಒಂದೊಂದು ಕುಲದ ಬ್ಯಾಕ್ಟೀರಿಯಾಕ್ಕೂ ಒಂದೊಂದು ಹೊಳೆಯುವ ಬಣ್ಣ ಹಚ್ಚಿ ಪಾಚಿಯನ್ನು ನೋಡಿದರು. 2016ರಲ್ಲಿ ಪ್ರಕಟವಾದ ಆ ಚಿತ್ರಗಳಲ್ಲಿ ಕೊರಿನೆಬ್ಯಾಕ್ಟೀರಿಯಂನ ಉದ್ದನೆಯ ಎಳೆಗಳು ಬುಡದಿಂದ ಹೊರಕ್ಕೆ ಕೆದರಿ ನಿಂತಿವೆ. ಎಳೆಯ ತುದಿಯ ಸುತ್ತ ಸ್ಟ್ರೆಪ್ಟೊಕಾಕಸ್‌ಗಳು ಮುಸುಕಿನ ಜೋಳದ ಕಾಳುಗಳ ಹಾಗೆ ಒತ್ತೊತ್ತಾಗಿ ಕೂತಿವೆ. ಆಮ್ಲಜನಕ ಸಿಗುವುದು ಆ ಅಂಚಿನಲ್ಲೇ. ಅದು ಕಡಿಮೆಯಿರುವ ಒಳವಲಯದಲ್ಲಿ ಫ್ಯೂಸೊಬ್ಯಾಕ್ಟೀರಿಯಂನಂಥವು ಬೀಡುಬಿಟ್ಟಿವೆ. ಯಾರು ಎಲ್ಲಿರಬೇಕೆಂಬುದು ಅಲ್ಲಿ ಗೊತ್ತಾದಂತಿದೆ.

ಈ ಪಾಚಿಯನ್ನು ಕದಲಿಸದೆ ಬಿಟ್ಟರೆ? ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ತಂಡ ಅದನ್ನೂ ನೋಡಿತು. ಒಸಡು ಚೆನ್ನಾಗಿದ್ದ 12 ಮಂದಿ, ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ, ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೊದಲು ದುಂಡನೆಯ ಬ್ಯಾಕ್ಟೀರಿಯಾ, ಆಮೇಲೆ ಎಳೆಯಂಥವು, ಕೊನೆಗೆ ಸುರುಳಿಯಾಕಾರದವು ಹೆಚ್ಚಿದವು. ಮೂರು ವಾರದೊಳಗೆ ಎಲ್ಲರ ಒಸಡೂ ಕೆಂಪಗೆ ಊದಿತ್ತು. ಮತ್ತೆ ಬ್ರಷ್ ಹಿಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. 1965ರ ಈ ವರದಿ ಒಸಡಿನ ಕಾಯಿಲೆಯ ಚರ್ಚೆಗೆ ಇಂದಿಗೂ ಬುನಾದಿ.

ಪಾಚಿ ಗಟ್ಟಿಯಾಗಿ ಕಿಟ್ಟವಾದರೆ ಬ್ರಷ್ ಸಾಲದು, ದಂತವೈದ್ಯರೇ ಕೆರೆದು ತೆಗೆಯಬೇಕು. ಹಾಗೆ ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಅಂಜಿಕೆ ನಮ್ಮ ಕಡೆ ಬಹಳ. ಹಾಗೆ ಹಲ್ಲು ಸಡಿಲವೆನಿಸಿದವರಲ್ಲಿ ಅದರ ಸುತ್ತಲ ಮೂಳೆ ಮೊದಲೇ ಸವೆದಿರುತ್ತದೆ. ಹಲ್ಲನ್ನು ಅಲ್ಲಿಯವರೆಗೆ ಅಲುಗದಂತೆ ಹಿಡಿದಿದ್ದುದು ಆ ಕಿಟ್ಟವೇ.