ಪಿನ್ ಚುಚ್ಚುವ ಮೊದಲು ದೀಪ ನೋಡಿ

ನೆಟ್ ನಿಂತರೆ ಮನೆಯಲ್ಲಿ ಮೊದಲು ಬೈಗುಳ ತಿನ್ನುವುದು ಗೋಡೆಗೆ ನೇತುಬಿದ್ದ ರೂಟರ್. ಸ್ವಿಚ್ ಆರಿಸಿ ಮತ್ತೆ ಹಾಕುತ್ತೇವೆ. ಅದಕ್ಕೂ ಜಗ್ಗದಿದ್ದರೆ ಪಿನ್ನು ಹುಡುಕಿ ಹಿಂಬದಿಯ ರೀಸೆಟ್ ತೂತಿಗೆ ಚುಚ್ಚುತ್ತೇವೆ. ಈ ಆತುರವೇ ಎಷ್ಟೋ ಸಲ ಸಣ್ಣ ತೊಂದರೆಯನ್ನು ದೊಡ್ಡದು ಮಾಡುತ್ತದೆ. ‘ರೂಟರ್ ಕೆಟ್ಟಿದೆ’ ಎಂಬ ಒಂದೇ ದೂರಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರಬಹುದು: ಕರೆಂಟಿನದು, ಫೈಬರಿನದು, ಕಂಪನಿಯ ಕಡೆಯ ಲಾಗಿನ್ನಿನದು, ಮನೆಯೊಳಗಿನ ವೈಫೈ ಅಲೆಯದು. ರೀಸೆಟ್ ಗುಂಡಿ ಮೊದಲೆರಡಕ್ಕೆ ಏನೂ ಮಾಡಲಾರದು, ಮೂರನೆಯದನ್ನು ಕೆಡಿಸಿಬಿಡಬಹುದು. ಯಾವುದು ಯಾವುದೆಂದು ಬೇರ್ಪಡಿಸುವ ಸಾಕ್ಷಿ ಮಾತ್ರ ಕಣ್ಣೆದುರಿಗೇ ಮಿನುಗುತ್ತಿರುತ್ತದೆ.

ಫೈಬರ್ ಸಂಪರ್ಕವನ್ನೇ ನೋಡೋಣ. ತೆಳು ಕೇಬಲ್ ಬಂದು ಸೇರುವ ಪೆಟ್ಟಿಗೆಯಲ್ಲಿ ‘ಪಾನ್’, ‘ಎಲ್‌ಒಎಸ್’ ಎಂಬ ಎರಡು ದೀಪಗಳಿರುತ್ತವೆ. ಪಾನ್ ಮಿಟುಕದೆ ಹಸಿರಾಗಿ ನಿಂತಿದ್ದರೆ ಕಂಪನಿಯ ಯಂತ್ರದೊಂದಿಗೆ ನಂಟು ಕೂಡಿದೆ ಎಂದರ್ಥ. ಎಲ್‌ಒಎಸ್ ಕೆಂಪಗೆ ಮಿಟುಕುತ್ತಿದ್ದರೆ ಬರಬೇಕಾದಷ್ಟು ಬೆಳಕು ಬರುತ್ತಿಲ್ಲ. ಜಿಪಾನ್ ಎಂಬ ಸಾಮಾನ್ಯ ಬಗೆಯ ಫೈಬರ್ ಜಾಲದಲ್ಲಿ ಮನೆಗೆ ಬರುವುದು 1490 ನ್ಯಾನೊಮೀಟರಿನ ಅವಗೆಂಪು ಲೇಸರ್. ಅದು ಕಣ್ಣಿಗೆ ಕಾಣದು; ಆದ್ದರಿಂದಲೇ ಬಿಚ್ಚಿದ ಕೇಬಲ್ಲಿನ ತುದಿಗೆ ಕಣ್ಣಿಟ್ಟು ಇಣುಕುವುದು ಅಪಾಯ. ಈ ಪೆಟ್ಟಿಗೆಗಳು ಮೈನಸ್ 27 ಡಿಬಿಎಂ, ಅಂದರೆ ಒಂದು ಮಿಲಿವಾಟಿನ ಸುಮಾರು ಐನೂರರಲ್ಲಿ ಒಂದು ಭಾಗದಷ್ಟು ಕ್ಷೀಣ ಬೆಳಕನ್ನೂ ಓದಿಕೊಳ್ಳುತ್ತವೆ. ಆದರೆ ಕಪಾಟನ್ನು ಗೋಡೆಗೆ ಒತ್ತಿ ಸರಿಸುವಾಗ ಹಿಂದಿನ ಕೇಬಲ್ ಚೂಪಾಗಿ ಮಡಚಿಕೊಂಡರೆ ಅಷ್ಟೂ ತಲುಪದೇ ಹೋಗಬಹುದು. ಮಲೆನಾಡಿನಲ್ಲಾದರೆ ಗಾಳಿಮಳೆಗೆ ಮುರಿದುಬಿದ್ದ ಕೊಂಬೆ, ಬೆಂಗಳೂರಿನಲ್ಲಾದರೆ ಬೆಸ್ಕಾಂ ಕಂಬಗಳಿಂದ ಅನಧಿಕೃತ ಕೇಬಲ್ ತೆರವು ಕೂಡ ಬೆಳಕನ್ನು ತಡೆಯಬಹುದು. ಇಂಥ ಹೊತ್ತಿನಲ್ಲಿ ಸ್ವಿಚ್ಚನ್ನು ಎಷ್ಟು ಸಲ ಒತ್ತಿದರೂ ಕೈನೋವಷ್ಟೇ ಲಾಭ.

ಕರೆಂಟಿನ ತೊಂದರೆ ಇಷ್ಟು ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ದೀಪ ಉರಿಯುತ್ತಿದೆ, ಆದ್ದರಿಂದ ಅಡಾಪ್ಟರ್ ಚೆನ್ನಾಗಿದೆ ಎಂಬ ತರ್ಕವೇ ದಾರಿ ತಪ್ಪಿಸುತ್ತದೆ. ದೀಪಗಳಿಗೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. ವರ್ಷಗಟ್ಟಲೆ ಹಗಲಿರುಳು ಬಿಸಿಯಾಗಿಯೇ ಇರುವ ಅಡಾಪ್ಟರಿನೊಳಗೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ನಿಧಾನವಾಗಿ ಒಣಗುತ್ತವೆ. ಸಂಜೆ ಮನೆಮಂದಿಯೆಲ್ಲ ಮೊಬೈಲು, ಟಿವಿ ಹಚ್ಚಿ ಕೂತಾಗ ರೂಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, 12 ವೋಲ್ಟ್ ಕುಸಿಯುತ್ತದೆ, ಯಂತ್ರ ತಾನಾಗಿ ಮರುಚಾಲೂ ಆಗುತ್ತದೆ. ‘ಸಂಜೆಯಾದರೆ ನೆಟ್ ಹೋಗುತ್ತೆ’ ಎಂದು ಕಂಪನಿಯನ್ನು ಶಪಿಸುವವರು, ಹೋಗುವ ಕ್ಷಣದಲ್ಲಿ ದೀಪಗಳೆಲ್ಲ ಒಟ್ಟಿಗೆ ಆರಿ ಮೊದಲಿನಿಂದ ಹೊತ್ತಿಕೊಳ್ಳುತ್ತವೆಯೇ ಎಂದು ನೋಡಬೇಕು. ಹೌದಾದರೆ ಮೊದಲು ಬದಲಿಸಿ ನೋಡಬೇಕಾದದ್ದು ಅಡಾಪ್ಟರ್: ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಬೇಡ, ಪಿನ್ನಿನ ಪ್ಲಸ್-ಮೈನಸ್ ಹೊಂದಲಿ.

ಇಷ್ಟೆಲ್ಲ ಯಾಕೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದಲ್ಲ ಎನ್ನುವವರಿದ್ದಾರೆ. ಹೋಗುತ್ತದೆ, ಅಲ್ಲಗಳೆಯುವಂತಿಲ್ಲ. ರೂಟರೂ ಒಂದು ಪುಟ್ಟ ಕಂಪ್ಯೂಟರೇ. ಸಿಕ್ಕಿಕೊಂಡ ಪ್ರೋಗ್ರಾಮು, ತುಂಬಿಹೋದ ನೆನಪು ಖಾಲಿಯಾಗಿ ಹೊಸದಾಗಿ ಲಾಗಿನ್ ಆಗುತ್ತದೆ. ಆದರೆ ದಿನಾ ಹಾಗೆ ಮಾಡಬೇಕಾಗಿ ಬಂದರೆ ಅದು ರಿಪೇರಿಯಲ್ಲ, ಕಾರಣ ಒಳಗೇ ಉಳಿದಿರುತ್ತದೆ. ರೀಸೆಟ್ ಇದಕ್ಕಿಂತ ಬೇರೆಯೇ ಸಂಗತಿ. ಅದು ವೈಫೈ ಹೆಸರು, ಪಾಸ್‌ವರ್ಡ್ ಜೊತೆಗೆ ಕಂಪನಿಯ ಜಾಲಕ್ಕೆ ಸೇರಿಸುವ ಪಿಪಿಪಿಒಇ ಲಾಗಿನ್ನನ್ನೂ ಅಳಿಸಿಹಾಕುತ್ತದೆ. ಕೆಲವು ಕಂಪನಿಗಳ ಪೆಟ್ಟಿಗೆಗೆ ಈ ವಿವರ ದೂರದಿಂದಲೇ ಮರಳಿ ಬರುತ್ತದೆ, ನಿಜ. ಸ್ಥಳೀಯ ಕೇಬಲ್‌ನವರ ಸಂಪರ್ಕವಾದರೆ ಅವರು ಬಂದು ತುಂಬಿಸುವತನಕ ಕಾಯಬೇಕು. ಫೈಬರ್ ತುಂಡಾದ ಮನೆಯಲ್ಲಿ ಹೀಗೆ ರೀಸೆಟ್ ಮಾಡಿದರೆ ತುಂಡು ಕೂಡಿಸಿದ ಮೇಲೂ ನೆಟ್ ಬರುವುದಿಲ್ಲ!

ವೈಫೈ ಅಲೆಯ ತೊಂದರೆ ಪತ್ತೆಗೆ ಸುಲಭ. ಲ್ಯಾನ್ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ನೆಟ್ ಸರಾಗವಾಗಿ ಬಂದು ಕೋಣೆಯಲ್ಲಿ ಮಾತ್ರ ಕುಂಟುತ್ತಿದ್ದರೆ ತಪ್ಪು ಗಾಳಿಯಲ್ಲಿದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಕ್ಕಪಕ್ಕದವರ ರೂಟರುಗಳ ಜೊತೆ ಅಡುಗೆಮನೆಯ ಮೈಕ್ರೊವೇವ್ ಕೂಡ ಗದ್ದಲ ಎಬ್ಬಿಸುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿಯೂ ಕಡಿಮೆ.

ತಿಂಗಳು ತಿಂಗಳು ದುಡ್ಡು ಕಟ್ಟುವವರು ಇದನ್ನೆಲ್ಲ ಯಾಕೆ ಕಲಿಯಬೇಕು, ಲೈನ್‌ಮನ್ ಇದ್ದಾನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೇಬಲ್ ಕೂಡಿಸುವುದು ಅವನದೇ ಕೆಲಸ, ಅದಕ್ಕೆ ಬೇಕಾದ ಯಂತ್ರ ಇರುವುದೂ ಅವನ ಬಳಿ. ಆದರೆ ಫೋನಿನಲ್ಲಿ ‘ನೆಟ್ ಬರ್ತಿಲ್ಲ’ ಎಂದರೆ ಆ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ‘ಆಫ್ ಮಾಡಿ ಆನ್ ಮಾಡಿ’. ‘ಎಲ್‌ಒಎಸ್ ಕೆಂಪಾಗಿದೆ’ ಎಂದರೆ ಅದು ಲೈನಿನ ದೂರು. ದೀಪಗಳ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರೆ ವಾದಕ್ಕೂ ಎಡೆಯಿಲ್ಲ. ಅಡಾಪ್ಟರ್ ಬದಲಿಸಿದರೂ ಒಂದು ದೀಪವೂ ಹತ್ತದಿದ್ದರೆ, ಇಲ್ಲವೇ ಸಿಡಿಲಿನ ಮರುದಿನ ಲ್ಯಾನ್ ಕಿಂಡಿಗಳು ಸತ್ತಿದ್ದರೆ, ಪೆಟ್ಟಿಗೆಯೇ ಹೋಗಿರಬಹುದು. ಆಗಲೂ ನೇರ ಅಂಗಡಿಗೆ ಓಡುವುದು ಬೇಡ: ಅಲ್ಲಿ ಸಿಗುವ ಸಾಮಾನ್ಯ ರೂಟರಿಗೆ ಫೈಬರ್ ಸಿಕ್ಕಿಸುವ ಕಿಂಡಿಯೇ ಇರುವುದಿಲ್ಲ, ಕಿಂಡಿ ಇರುವುದನ್ನು ತಂದರೂ ಕಂಪನಿ ತನ್ನ ಕಡೆ ಅದನ್ನು ನೋಂದಾಯಿಸಿಕೊಳ್ಳದೆ ಕೆಲಸ ಮಾಡುವುದಿಲ್ಲ.